ಅಂತೇವಾಸಿ, ಉಮೇದುವಾರ, ಶಿಶಿಕ್ಷು: ಕಲಿಕೆಯ ಕರಾರಿನಲ್ಲಿ ಒಡೆಯನ ಹೊಣೆ

ಉಮೇದುವಾರನೆಂಬ ಮಾತನ್ನು ಕೇಳಿದೊಡನೆ ಇಂದಿನ ವಾಚಕರಿಗೆ ಚುನಾವಣೆಯು ನೆನಪಿಗೆ ಬರುವುದು. ಆದರೆ ಮೈಸೂರು ಸೀಮೆಯ ತಾಲ್ಲೂಕು ಕಚೇರಿಗಳಲ್ಲಿ ಈ ಮಾತಿಗೆ ಒಂದು ಕಾಲದಲ್ಲಿ ಬೇರೊಂದು ಅರ್ಥವಿದ್ದಿತು. ಓದುಬರಹವನ್ನು ಕಲಿತು, ಕೈಬರಹವು ದುಂಡಾಗಿ, ಲೆಕ್ಕದಲ್ಲಿ ಸ್ವಲ್ಪ ಪರಿಶ್ರಮವಿದ್ದು, ಸರ್ಕಾರದ ಚಾಕರಿಯು ಇನ್ನೂ ದೊರೆಯದೆ ಇದ್ದ ಯುವಕನು ಸಂಬಳವಿಲ್ಲದೆ ಕಚೇರಿಯಲ್ಲಿ ಕುಳಿತು, ಹಿರಿಯ ಗುಮಾಸ್ತರ ಕೈಕೆಳಗೆ ಬರೆಯುತ್ತ, ಎಂದಾದರೊಂದು ದಿನ ಸ್ಥಳವು ತೆರವಾದೀತೆಂದು ಕಾದಿರುತ್ತಿದ್ದನು, ಅವನೇ ಉಮೇದುವಾರನು. ಪಾರಸಿಯಲ್ಲಿ ಉಮ್ಮೇದ್ ಎಂದರೆ ಆಸೆ, ಆಸೆಯುಳ್ಳವನು ಉಮೇದುವಾರ. ೧೮೮೬ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಎಂಬ ಆಂಗ್ಲೋ-ಇಂಡಿಯನ್ ಶಬ್ದಕೋಶದಲ್ಲಿಯೂ ಈ ಶಬ್ದವು ಸೇರಿದ್ದು, ಅಲ್ಲಿ ಅದಕ್ಕೆ ಚಾಕರಿಗಾಗಿ ಕಾದಿರುವವನೆಂಬ ಅರ್ಥವನ್ನೇ ಕೊಟ್ಟಿದೆ.

ಈಗ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಇಂಟರ್ನ್‌ಶಿಪ್ ಎಂಬ ಹೆಸರಿನಿಂದ ಕೆಲವು ವಾರಗಳನ್ನೋ ತಿಂಗಳುಗಳನ್ನೋ ಒಂದು ಕಚೇರಿಯಲ್ಲಿ ಕಳೆಯಬೇಕಾಗಿದೆ. ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಿಂದ ಮೈಸೂರಿಗೂ ಬೆಂಗಳೂರಿಗೂ ಹೀಗೆ ಹೋಗುವ ಹುಡುಗರು ಹಿಂತಿರುಗಿ ಬಂದು ಹೇಳುವ ದೂರಿನಲ್ಲಿ ಹೊಸತೇನೂ ಇಲ್ಲ. ಒಂದು ಕೆಲಸವನ್ನು ಕಲಿಸುವೆವೆಂದು ಕರೆದರು. ಇನ್ನೊಂದು ಕೆಲಸವನ್ನು ಮಾಡಿಸಿದರು. ಯಂತ್ರಗಣಿತದ ಲೆಕ್ಕವೆಂದು ಹೋದವನು ದೂರವಾಣಿಯಲ್ಲಿ ಗಿರಾಕಿಗಳನ್ನು ಹುಡುಕಬೇಕಾಯಿತು. ಸಂಶೋಧನೆಯೆಂದು ಹೋದವಳು ಕಾಗದಪತ್ರಗಳ ನಕಲು ತೆಗೆಯಬೇಕಾಯಿತು. ಇಂಥವರಿಗೆ ನ್ಯಾಯದಲ್ಲಿ ಯಾವ ದಾರಿಯಿದೆಯೆಂಬ ಪ್ರಶ್ನೆಯನ್ನು ವಕೀಲರು ಇಂದಿನ ಕಾಯಿದೆಯ ಪುಸ್ತಕದಿಂದಲೇ ಉತ್ತರಿಸಿಯಾರು. ಆದರೆ ಕಲಿಯಲು ಬಂದವನಿಗೆ ಬೇರೆ ಕೆಲಸವನ್ನು ಹಚ್ಚುವುದು ಒಂದು ಪ್ರತ್ಯೇಕವಾದ ತಪ್ಪು ಎಂಬ ಭಾವನೆಯು ನಮ್ಮಲ್ಲಿ ಎಂದಿನಿಂದ ಇದೆ, ನಡುವೆ ಅದು ಎಲ್ಲಿ ಮರೆಯಾಯಿತು, ಮತ್ತೆ ಯಾವ ರೂಪದಿಂದ ಬಂದಿತು ಎಂಬುದು ಚರಿತ್ರೆಗೆ ಸೇರಿದ ವಿಷಯ. ಅದನ್ನೇ ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇವೆ.

ಧರ್ಮಶಾಸ್ತ್ರಕಾರರು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಅಭ್ಯುಪೇತ್ಯಾಶುಶ್ರೂಷಾ ಎಂಬುದೊಂದು. ಸೇವೆ ಮಾಡುವೆನೆಂದು ಒಪ್ಪಿ ಮಾಡದೆ ಇರುವುದು ಎಂದು ಇದರ ಅರ್ಥ. ಹೆಸರನ್ನು ನೋಡಿದರೆ ಇದು ಕೇವಲ ಒಡೆಯನ ಕಡೆಯ ದೂರೆಂದು ತೋರುತ್ತದೆ. ಮಾತಿಗೆ ತಪ್ಪುವವನು ಸೇವಕನೇ ಎಂದು ಶಾಸ್ತ್ರವು ಮೊದಲೇ ಇಟ್ಟುಕೊಂಡಂತಿದೆ. ಆದರೆ ಪ್ರಕರಣದ ಒಳಹೊಕ್ಕು ನೋಡಿದರೆ ಹಾಗಿಲ್ಲ. ನಾರದನು ಶುಶ್ರೂಷಕರನ್ನು ಶಿಷ್ಯ, ಅಂತೇವಾಸಿ, ಭೃತಕ, ಅಧಿಕರ್ಮಕೃತ್, ದಾಸ ಎಂದು ಐದು ಬಗೆಯಾಗಿ ವಿಂಗಡಿಸುತ್ತಾನೆ. ವೇದವಿದ್ಯೆಯನ್ನು ಕಲಿಯುವವನು ಶಿಷ್ಯನು. ಶಿಲ್ಪವನ್ನು, ಎಂದರೆ ಕೈಕೆಲಸವನ್ನು, ಕಲಿಯುವವನು ಅಂತೇವಾಸಿ. ಈ ಎರಡನೆಯವನ ವಿಷಯದಲ್ಲಿ ನಾರದನು ಹೇಳುವ ನಿಯಮಗಳು ಒಂದು ಕರಾರುಪತ್ರದ ಕಲಮುಗಳಂತಿವೆ. ಕಲಿಯಬಯಸುವವನು ಬಂಧುಗಳ ಒಪ್ಪಿಗೆಯನ್ನು ಪಡೆದು, ಇಷ್ಟು ಕಾಲವೆಂದು ನಿಶ್ಚಯಿಸಿಕೊಂಡು ಆಚಾರ್ಯನ ಹತ್ತಿರ ಇರಬೇಕು. ಆಚಾರ್ಯನು ತನ್ನ ಮನೆಯಲ್ಲಿಯೇ ಊಟವನ್ನು ಕೊಟ್ಟು ಕಲಿಸಬೇಕು, ಮಗನಂತೆ ನೋಡಿಕೊಳ್ಳಬೇಕು, ಬೇರೆ ಕೆಲಸವನ್ನು ಮಾಡಿಸಕೂಡದು. ಕಲಿಕೆಯು ಬೇಗನೆ ಮುಗಿದರೂ ನಿಶ್ಚಯಿಸಿದ ಕಾಲವು ತೀರುವವರೆಗೆ ಅಂತೇವಾಸಿಯು ಅಲ್ಲಿಯೇ ಇರಬೇಕು. ಆ ಅವಧಿಯಲ್ಲಿ ಅವನ ದುಡಿಮೆಯ ಫಲವು ಆಚಾರ್ಯನಿಗೆ ಸಲ್ಲುವುದು. ಯಾಜ್ಞವಲ್ಕ್ಯನೂ ಈ ಕಡೆಯ ಮಾತನ್ನು ವ್ಯವಹಾರಾಧ್ಯಾಯದಲ್ಲಿ ಹೇಳುತ್ತಾನೆ. ಅದರ ಮೇಲೆ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಕಲ್ಯಾಣದಲ್ಲಿದ್ದವನಾದುದರಿಂದ, ಈ ವಿಚಾರವು ಕನ್ನಡನಾಡಿನ ನ್ಯಾಯಪಂಡಿತರಿಗೆ ದೂರದ್ದಲ್ಲ.

ನಾರದನ ನಿಯಮಗಳಲ್ಲಿ ಕಾಠಿನ್ಯವಿಲ್ಲವೆಂದು ಹೇಳುವಂತಿಲ್ಲ. ದೋಷವಿಲ್ಲದ ಆಚಾರ್ಯನನ್ನು ಬಿಟ್ಟು ಓಡಿದ ಅಂತೇವಾಸಿಯನ್ನು ಬಲಾತ್ಕಾರದಿಂದ ತಂದು ಇರಿಸಬಹುದು, ಹೊಡೆಯಬಹುದು, ಕಟ್ಟಿಹಾಕಬಹುದು. ಆದರೆ ಇಲ್ಲಿ ಆಚಾರ್ಯನಿಗೆ ಕೊಟ್ಟಿರುವ ವಿಶೇಷಣವನ್ನು ಗಮನಿಸಬೇಕು: ಕಲಿಸುತ್ತಿರುವವನೂ ದೋಷವಿಲ್ಲದವನೂ ಆದ ಆಚಾರ್ಯನಾಗಿದ್ದರೆ ಮಾತ್ರ ಈ ಅಧಿಕಾರವು ಅವನಿಗುಂಟು. ಕಲಿಸದಿದ್ದರೆ ಏನು? ನಾರದನು ಬಿಟ್ಟ ಈ ಪ್ರಶ್ನೆಗೆ ಕಾತ್ಯಾಯನನು ನೇರವಾದ ಉತ್ತರವನ್ನು ಕೊಡುತ್ತಾನೆ. ಕಾತ್ಯಾಯನಸ್ಮೃತಿಯು ಇಡಿಯಾಗಿ ಉಳಿದಿಲ್ಲ; ನಿಬಂಧಕಾರರು ಉದ್ಧರಿಸಿದ ವಚನಗಳನ್ನು ಪಾಂಡುರಂಗ ವಾಮನ ಕಾಣೆಯವರು ಕೂಡಿಸಿ ೧೯೩೩ರಲ್ಲಿ ಪ್ರಕಟಿಸಿದರು. ಅದರಲ್ಲಿರುವ ಒಂದು ವಚನದ ತಾತ್ಪರ್ಯವು ಹೀಗಿದೆ: ಶಿಲ್ಪವನ್ನು ಕಲಿಸದೆ ಬೇರೆ ಕೆಲಸಗಳನ್ನು ಮಾಡಿಸುವ ಆಚಾರ್ಯನಿಗೆ ಪೂರ್ವಸಾಹಸವೆಂಬ ದಂಡ, ಶಿಷ್ಯನು ಅವನನ್ನು ಬಿಟ್ಟು ಹೋಗಬಹುದು. ಸಾಹಸದಂಡಗಳು ಮೂರು, ಪೂರ್ವಸಾಹಸವು ಅವುಗಳಲ್ಲಿ ಕಡಿಮೆಯದು. ದಂಡವು ದೊಡ್ಡದೋ ಚಿಕ್ಕದೋ, ಮುಖ್ಯವಾದುದು ಅದಲ್ಲ. ಬಿಟ್ಟುಹೋಗುವ ಹಕ್ಕು ಮತ್ತು ರಾಜದಂಡ ಎಂಬ ಎರಡು ಪರಿಹಾರಗಳನ್ನು ಒಂದೇ ವಾಕ್ಯದಲ್ಲಿ ಇಟ್ಟಿರುವುದು, ಮತ್ತು ಒಪ್ಪಿದ್ದಕ್ಕಿಂತ ಬೇರೆ ಕೆಲಸವನ್ನು ಮಾಡಿಸಿದುದನ್ನೇ ಅಪರಾಧದ ಲಕ್ಷಣವಾಗಿ ಹೇಳಿರುವುದು, ಇವೇ ಗಮನಾರ್ಹವಾದುವು.

ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೂಲಿಯವರ ವಿಷಯಕ್ಕೆ ಒಂದು ಪ್ರಕರಣವೇ ಇದೆ. ಅಲ್ಲಿ ಕರಾರಿನಂತೆ ಕೆಲಸವನ್ನು ಮಾಡದ ಆಳಿಗೂ, ಮಾಡಿಸದ ಒಡೆಯನಿಗೂ ಒಂದೇ ದಂಡ: ಹನ್ನೆರಡು ಪಣ. ಈ ಸಮತೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ; ಮುಂದೆ ೧೮೫೯ರ ಕಾಯಿದೆಯನ್ನು ನೋಡುವಾಗ ಇದು ಬೇಕಾಗುವುದು.

ಈ ವಚನಗಳು ಊರೂರಿನ ಕಮ್ಮಟಗಳಲ್ಲಿ ಎಷ್ಟರಮಟ್ಟಿಗೆ ನಡೆದವೆಂಬುದು ಬೇರೆ ಮಾತು. ಶಾಸ್ತ್ರವು ಒಂದು ವಿಷಯವನ್ನು ತಿಳಿದಿತ್ತೆಂದ ಮಾತ್ರಕ್ಕೆ ಅಕ್ಕಸಾಲೆಯ ಮನೆಯ ಹುಡುಗನು ಧರ್ಮಾಧಿಕಾರಿಯ ಬಳಿಗೆ ಹೋಗಿ ದೂರಿಟ್ಟನೆಂದು ಊಹಿಸುವುದು ಸರಿಯಲ್ಲ. ಆದರೂ ಒಂದನ್ನು ಧೈರ್ಯದಿಂದ ಹೇಳಬಹುದು. ಬೇರೆ ಕೆಲಸ ಎಂಬ ಮಾತಿಗೆ ಅರ್ಥವು ಬರಬೇಕಾದರೆ, ಕಲಿಸಬೇಕಾದ ಕೆಲಸಕ್ಕೆ ಒಂದು ಎಲ್ಲೆಯು ಇರಬೇಕು. ಶಿಲ್ಪಕ್ಕೆ ಅಂಥ ಎಲ್ಲೆಯಿತ್ತು. ಬಡಗಿಯ ಕೆಲಸವೆಂದರೆ ಏನೆಂಬುದನ್ನು ಪತ್ರದಲ್ಲಿ ಬರೆಯಬೇಕಾಗಿರಲಿಲ್ಲ. ಆ ಹೆಸರೇ ಪತ್ರವಾಗಿತ್ತು.

ಇದಕ್ಕೆ ನಮ್ಮ ಪ್ರಾಂತದಲ್ಲಿಯೇ ಒಂದು ದೃಷ್ಟಾಂತವಿದೆ. ಹುಣಸೂರು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೃತಮಹಲ್ ದನಗಳ ಇಲಾಖೆಯಿಂದಲೂ, ಸರ್ಕಾರವು ಅಲ್ಲಿ ನಡೆಸಿದ ಚರ್ಮ ಹದಮಾಡುವ, ಕಂಬಳಿ ನೇಯುವ ಕಾರ್ಖಾನೆಗಳಿಂದಲೂ, ಮರದ ಕೊಠಾರದಿಂದಲೂ ಹೆಸರಾಗಿತ್ತು. ಸರ್ಕಾರದ ಕಾರ್ಖಾನೆಗಳು ನಿಂತುಹೋದ ಮೇಲೆಯೂ ಅವುಗಳಲ್ಲಿ ಕಲಿತವರ ಕೈಯಿಂದ ಆ ಊರಿನಲ್ಲಿ ಒಳ್ಳೆಯ ಚರ್ಮದ ಸಾಮಾನುಗಳೂ ಕಂಬಳಿಗಳೂ ತಯಾರಾಗುತ್ತಲೇ ಇದ್ದುವೆಂದು ಬಿ. ಎಲ್. ರೈಸರ ಗೆಜೆಟಿಯರಿನಿಂದ ತಿಳಿದುಬರುತ್ತದೆ. ಕಾರ್ಖಾನೆಯು ಮುಚ್ಚಿದರೂ ಕಸುಬು ಉಳಿಯಿತೆಂದರೆ ಕಲಿಕೆಯು ನಿಜವಾಗಿ ನಡೆದಿತ್ತೆಂದು ಅರ್ಥ. ಚರ್ಮವನ್ನು ಹದಮಾಡಲು ಕಲಿಸುವೆನೆಂದು ಕರೆದು ಬರಿಯ ನೀರು ಹೊರಿಸಿದ್ದರೆ ಅದು ಚರ್ಮದಲ್ಲಿಯೇ ಗೊತ್ತಾಗುತ್ತಿತ್ತು. ಹದ ತಪ್ಪಿದ ಚರ್ಮವು ಸಾಕ್ಷಿ ಹೇಳುವುದು. ಉರುಳದ ಗಾಲಿಯು ಸಾಕ್ಷಿ ಹೇಳುವುದು.

ಕಚೇರಿಯಲ್ಲಿ ಇಂಥ ಸಾಕ್ಷಿಯಿಲ್ಲ. ಈಗಿನ ಕೃಷ್ಣರಾಜನಗರಕ್ಕೆ ಮೊದಲು ತಾಲ್ಲೂಕಿನ ಮುಖ್ಯಸ್ಥಳವು ಕಾವೇರಿಯ ದಡದ ಎಡತೊರೆಯಾಗಿತ್ತು. ೧೯೨೪ರ ಮಹಾಪ್ರವಾಹದ ತರುವಾಯ ನದಿಯಿಂದ ದೂರವಾಗಿ ಹೊಸ ಊರನ್ನು ಕಟ್ಟಿ, ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನಿಟ್ಟರು. ಹಳೆಯ ಊರಾಗಲಿ ಹೊಸ ಊರಾಗಲಿ, ಅಮಲ್ದಾರರ ಕಚೇರಿಯ ಒಳಗಿನ ಕ್ರಮವು ಒಂದೇ. ಗ್ರಾಮದಲ್ಲಿ ಶಾನುಭೋಗಿಕೆಯು ವಂಶಪಾರಂಪರ್ಯವಾಗಿದ್ದುದರಿಂದ ಮಗನು ತಂದೆಯ ಕೈಕೆಳಗೆ ಖಾತೆ, ಪಹಣಿ, ಜಮಾಬಂದಿಗಳನ್ನು ಕಲಿಯುತ್ತಿದ್ದನು. ಅಲ್ಲಿ ಕಲಿಸುವವನಿಗೂ ಕಲಿಯುವವನಿಗೂ ಹಿತವು ಒಂದೇ ಆಗಿತ್ತು. ತಾಲ್ಲೂಕು ಕಚೇರಿಯ ಉಮೇದುವಾರನಿಗೆ ಆ ಆಸರೆಯಿಲ್ಲ. ಅವನಿಗೆ ನೇಮಕದ ಹುಕುಮಿಲ್ಲ, ಸಂಬಳವಿಲ್ಲ, ಇಷ್ಟು ಕಾಲವೆಂಬ ಕಟ್ಟಿಲ್ಲ. ಪ್ರತಿ ತೆಗೆಯುವುದೂ ಕೆಲಸವೇ, ದಫ್ತರವನ್ನು ಹೊರುವುದೂ ಕೆಲಸವೇ. ಯಾವುದು ಕಲಿಕೆ, ಯಾವುದು ಚಾಕರಿ ಎಂದು ಗೆರೆಯೆಳೆದು ಹೇಳುವವರು ಯಾರು? ನಾರದನ ಐದು ಬಗೆಗಳಲ್ಲಿ ಇವನನ್ನು ಎಲ್ಲಿಯೂ ಸೇರಿಸಲಾಗುವುದಿಲ್ಲ. ಅಂತೇವಾಸಿಯೆನ್ನೋಣವೆಂದರೆ ಊಟವನ್ನು ಕೊಡುವವರಿಲ್ಲ, ಭೃತಕನೆನ್ನೋಣವೆಂದರೆ ಕೂಲಿಯಿಲ್ಲ. ಕರಾರೇ ಇಲ್ಲದವನಿಗೆ ಕರಾರಿನ ಭಂಗವೆಂಬುದೂ ಇಲ್ಲ. ಇಂದಿನ ಇಂಟರ್ನನ ವಂಶವೃಕ್ಷವನ್ನು ಬರೆಯುವವರು ಅವನನ್ನು ಕಮ್ಮಟದ ಅಂತೇವಾಸಿಯಿಂದ ಇಳಿಸಬಯಸುತ್ತಾರೆ; ನಮಗಂತೂ ಅವನ ಮುಖದಲ್ಲಿ ಕಚೇರಿಯ ಉಮೇದುವಾರನ ಹೋಲಿಕೆಯೇ ಹೆಚ್ಚಾಗಿ ಕಾಣುತ್ತದೆ.

ಇಂಗ್ಲಿಷರ ಶಾಸನಗಳಲ್ಲಿ ಕಲಿಯುವವನಿಗೆ ಮೊದಲು ಸ್ಥಾನವು ದೊರೆತುದು ೧೮೫೦ರ ೧೯ನೆಯ ಆಕ್ಟಿನಲ್ಲಿ. ಮೈಸೂರು ಸೀಮೆಯು ಆಗ ಸರ್ ಮಾರ್ಕ್ ಕಬ್ಬನ್ನರ ಕಮಿಷನರಿಕೆಯಲ್ಲಿತ್ತು. ಈ ಆಕ್ಟಾದರೋ ಕುಂಪಣಿಯ ಸೀಮೆಗಾಗಿ ಹುಟ್ಟಿದುದು. ಮಕ್ಕಳು, ವಿಶೇಷವಾಗಿ ಅನಾಥರೂ ಧರ್ಮದಿಂದ ಬೆಳೆದ ಬಡಮಕ್ಕಳೂ, ಒಂದು ಕಸುಬನ್ನು ಕಲಿತು ಮುಂದೆ ಜೀವಿಸುವಂತಾಗಬೇಕೆಂಬುದು ಅದರ ಉದ್ದೇಶ. ಹತ್ತರಿಂದ ಹದಿನೆಂಟು ವರ್ಷದೊಳಗಿನ ಮಗುವನ್ನು ತಂದೆಯಾಗಲಿ ಪೋಷಕನಾಗಲಿ ಏಳು ವರ್ಷಕ್ಕೆ ಮೀರದಂತೆ, ಇಪ್ಪತ್ತೊಂದು ವರ್ಷ ತುಂಬುವುದರೊಳಗೆ ಮುಗಿಯುವಂತೆ ಕಸುಬುದಾರನಿಗೆ ಒಪ್ಪಿಸಬಹುದಾಗಿತ್ತು. ಕರಾರು ಬರವಣಿಗೆಯಲ್ಲಿರಬೇಕು, ಅದರ ನಮೂನೆಯನ್ನು ಆಕ್ಟಿಗೇ ಲಗತ್ತಿಸಿತ್ತು. ತಪ್ಪು ಮಾಡಿದ ಹುಡುಗನನ್ನು ಮ್ಯಾಜಿಸ್ಟ್ರೇಟನು ಶಿಕ್ಷಿಸಬಹುದಾಗಿತ್ತೆಂಬುದು ಆ ಕಾಲಕ್ಕೆ ಸಹಜವೇ. ಅದರೊಂದಿಗೆ ಇನ್ನೊಂದು ವಿಧಿಯೂ ಇತ್ತು. ಒಡೆಯನು ತನ್ನನ್ನು ಪೋಷಿಸಲಿಲ್ಲ, ಇಲ್ಲವೆ ಕರಾರಿನಂತೆ ಕಲಿಸಲಿಲ್ಲ, ಇಲ್ಲವೆ ಹಿಂಸಿಸಿದನೆಂದು ಹುಡುಗನ ಪರವಾಗಿ ಫಿರ್ಯಾದು ಬಂದರೆ ಮ್ಯಾಜಿಸ್ಟ್ರೇಟನು ಒಡೆಯನನ್ನು ಕರೆಯಿಸಿ ವಿಚಾರಿಸಿ, ಕರಾರನ್ನು ರದ್ದುಮಾಡಿ, ಪರಿಹಾರವನ್ನು ಕೊಡಿಸಬಹುದಾಗಿತ್ತು. ಬಿಟ್ಟುಹೋಗುವ ಹಕ್ಕು ಒಂದು, ಒಡೆಯನ ಕೈಯಿಂದ ಹಣ ಇನ್ನೊಂದು: ಕಾತ್ಯಾಯನನ ಎರಡು ಪರಿಹಾರಗಳೇ ಇಲ್ಲಿಯೂ ಇವೆ. ದಂಡವು ಅರಸನಿಗೆ ಹೋಗದೆ ಹುಡುಗನಿಗೇ ಬರುವುದೊಂದು ವಿಶೇಷ.

ಇಷ್ಟು ಸಮವಾಗಿ ಬರೆದ ಕೈಯೇ ಒಂಬತ್ತು ವರ್ಷಗಳ ತರುವಾಯ ಇನ್ನೊಂದನ್ನು ಬರೆಯಿತು. ಇಲ್ಲಿ ನಾವು ಕಲಿಯುವವನನ್ನು ಬಿಟ್ಟು ದುಡಿಯುವವನ ಕಡೆಗೆ ಸ್ವಲ್ಪ ಹೊತ್ತು ತಿರುಗಬೇಕಾಗಿದೆ. ಏಕೆಂದರೆ ಮಾತಿಗೆ ತಪ್ಪಿದವರು ಯಾರೆಂಬ ಪ್ರಶ್ನೆಯಲ್ಲಿ ನಮ್ಮ ನ್ಯಾಯಸ್ಥಾನಗಳ ದೃಷ್ಟಿಯನ್ನು ಬಹುಕಾಲ ಒಂದೇ ಕಡೆಗೆ ತಿರುಗಿಸಿದುದು ಈ ಕಾಯಿದೆಯೇ.

೧೮೫೯ರ ೧೩ನೆಯ ಆಕ್ಟು ಕಲ್ಕತ್ತೆ, ಮದರಾಸು, ಬೊಂಬಾಯಿ ನಗರಗಳ ವ್ಯಾಪಾರಿಗಳ ದೂರಿನಿಂದ ಹುಟ್ಟಿತು. ಕುಶಲಕರ್ಮಿ, ಕೆಲಸಗಾರ ಅಥವಾ ಕೂಲಿಯವನು ಮುಂಗಡವನ್ನು ತೆಗೆದುಕೊಂಡು, ನ್ಯಾಯವಾದ ಕಾರಣವಿಲ್ಲದೆ ಕೆಲಸವನ್ನು ಮಾಡದಿದ್ದರೆ, ಒಡೆಯನು ಮ್ಯಾಜಿಸ್ಟ್ರೇಟನಲ್ಲಿ ಫಿರ್ಯಾದು ಮಾಡಬಹುದು. ಮುಂಗಡವನ್ನು ಹಿಂದಕ್ಕೆ ಕೊಡಿಸಬೇಕೋ, ಕೆಲಸವನ್ನೇ ಮಾಡಿಸಬೇಕೋ ಎಂಬುದು ಫಿರ್ಯಾದಿಯ ಇಷ್ಟ. ಆಜ್ಞೆಯನ್ನು ಮೀರಿದರೆ ಮೂರು ತಿಂಗಳವರೆಗೆ ಕಠಿನ ಸಜಾ. ಹಣದ ವ್ಯವಹಾರವೊಂದು ಹೀಗೆ ಸೆರೆಮನೆಯ ವ್ಯವಹಾರವಾಯಿತು. ನಗರಗಳಿಗಾಗಿ ಮಾಡಿದ ಈ ಕಾಯಿದೆಯನ್ನು ಇತರ ಪ್ರಾಂತಗಳಿಗೂ ವಿಸ್ತರಿಸಿದರು. ಅದರ ಬಳಕೆಯು ತೋಟಗಾರಿಕೆಯ ಸೀಮೆಗಳಲ್ಲಿ ಬಲವಾಯಿತು.

ಕೊಡಗಿನಲ್ಲಿ ೧೮೫೪ರಲ್ಲಿ ಮಡಿಕೇರಿಯ ಬಳಿ ಐರೋಪ್ಯರ ಮೊದಲನೆಯ ಕಾಫಿತೋಟವು ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಬೆಟ್ಟಗಳೆಲ್ಲ ತೋಟಗಳಾದುವು. ಅಲ್ಲಿಯ ಕೆಲಸಕ್ಕೆ ಕೊಡಗಿನವರು ಸಾಲದೆ, ಮೈಸೂರು ಸೀಮೆಯ ಕನ್ನಡ ಕೂಲಿಗಳು ಬೇಕಾದರು. ಮೈಸೂರಿನಿಂದ ಮಡಿಕೇರಿಗೆ ಹೋಗುವ ದಾರಿಯು ಹುಣಸೂರು, ಪಿರಿಯಾಪಟ್ಟಣಗಳ ಮೇಲೆಯೇ ಹಾದುಹೋಗುತ್ತದೆ. ಮೇಸ್ತ್ರಿಯು ಹಳ್ಳಿಗೆ ಬಂದು ಮುಂಗಡವನ್ನು ಹಂಚುವುದು, ಆ ಹಣವು ಹಳೆಯ ಸಾಲಕ್ಕೋ ಮದುವೆಗೋ ಸಂದುಹೋಗುವುದು, ಬಳಿಕ ಆಳು ತೋಟವನ್ನು ಸೇರುವುದು, ಇದು ಆ ಪದ್ಧತಿಯ ಕ್ರಮ. ಹಳ್ಳಿಯಲ್ಲಿ ಮೇಸ್ತ್ರಿಯು ಆಡಿದ ಮಾತಿಗೂ ತೋಟದಲ್ಲಿ ದೊರೆಯುಂಟುಮಾಡಿದ ಕೆಲಸಕ್ಕೂ ವ್ಯತ್ಯಾಸವಿದ್ದರೆ? ಆಳಿನ ಪಾಲಿಗೆ ಉಳಿದುದು ದಿವಾನಿ ದಾವೆ ಒಂದೇ. ಅದೂ ತನ್ನ ಊರಿನಿಂದ ದೂರದಲ್ಲಿ, ಬರವಣಿಗೆಯ ಆಧಾರವಿಲ್ಲದೆ. ಅಂದರೆ ಕಾಗದದ ಮೇಲೆ ಇಬ್ಬರಿಗೂ ನ್ಯಾಯಸ್ಥಾನವಿತ್ತು. ಒಬ್ಬನಿಗೆ ಮ್ಯಾಜಿಸ್ಟ್ರೇಟನದು, ಇನ್ನೊಬ್ಬನಿಗೆ ಮುನ್ಸೀಫನದು. ಕೌಟಿಲ್ಯನು ಇಬ್ಬರಿಗೂ ಹನ್ನೆರಡು ಪಣಗಳನ್ನು ಹಾಕಿದ್ದನು. ವಿಕ್ಟೋರಿಯಾ ರಾಣಿಯವರ ಕಾಲದ ಈ ಕಾಯಿದೆಯು ಒಬ್ಬನಿಗೆ ಮಾತ್ರ ಬೇಡಿಯನ್ನು ಹಾಕಿತು.

೧೯೨೦ರ ತಿದ್ದುಪಾಟಿನಿಂದ ಇದರ ತೀಕ್ಷ್ಣತೆಯು ಸ್ವಲ್ಪ ಕಡಿಮೆಯಾಯಿತು. ಮುನ್ನೂರು ರೂಪಾಯಿಗಳಿಗೆ ಮೀರಿದ ಮುಂಗಡಕ್ಕೆ ಕಾಯಿದೆಯು ತಗಲದಂತೆ ಮಾಡಿದರು. ೧೯೨೫ರಲ್ಲಿ ಇದನ್ನೂ, ಸೇವೆಯ ಕರಾರಿನ ಭಂಗವನ್ನು ಅಪರಾಧವೆಂದೆಣಿಸಿದ ಇಂಡಿಯನ್ ಪೀನಲ್ ಕೋಡಿನ ೪೯೦, ೪೯೨ನೆಯ ಸೆಕ್ಷನ್ನುಗಳನ್ನೂ ಒಟ್ಟಿಗೆ ರದ್ದುಗೊಳಿಸಿ, ರದ್ದತಿಯು ೧೯೨೬ನೆಯ ಏಪ್ರಿಲ್ ೧ರಿಂದ ನಡೆಯುವಂತೆ ವಿಧಿಸಿದರು. ಕೊಡಗು ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಅಲ್ಲಿಯ ಶಾಸನಸಭೆಯು ೧೯೨೬ರಲ್ಲಿ ಕೊಡಗು ಲೇಬರ್ ಆಕ್ಟನ್ನು ಮಾಡಿ, ಹಳೆಯ ಪದ್ಧತಿಯನ್ನು ಬೇರೊಂದು ಹೆಸರಿನಿಂದ ಇನ್ನೂ ಐದು ವರ್ಷಗಳ ಕಾಲ, ೧೯೩೧ರವರೆಗೆ, ಉಳಿಸಿಕೊಂಡಿತು. ಇಂಡಿಯಾದ ಇತರ ಭಾಗಗಳಲ್ಲಿ ಸತ್ತ ಕಾಯಿದೆಯು ನಮ್ಮ ನೆರೆಯಲ್ಲಿ ಹೀಗೆ ಐದು ವರ್ಷ ಉಸಿರಾಡಿತೆಂಬುದು ಪಿರಿಯಾಪಟ್ಟಣದ ಚರಿತ್ರೆಯನ್ನು ಬರೆಯುವವರು ಮರೆಯಬಾರದ ಸಂಗತಿ.

ಸ್ವಾತಂತ್ರ್ಯದ ತರುವಾಯ ಬಂದ ೧೯೬೧ರ ಅಪ್ರೆಂಟಿಸ್ ಶಾಸನವು ೧೮೫೦ರ ಆಕ್ಟನ್ನು ತೆಗೆದುಹಾಕಿ ಅದರ ಸ್ಥಾನದಲ್ಲಿ ನಿಂತಿತು. ಅಪ್ರೆಂಟಿಸನಿಗೆ ನಮ್ಮ ರಾಜ್ಯದಲ್ಲಿ ಶಿಶಿಕ್ಷು ಎಂಬ ಸಂಸ್ಕೃತ ಶಬ್ದವನ್ನು ಬಳಸುತ್ತಾರೆ. ಕಲಿಯಬೇಕೆಂಬ ಇಚ್ಛೆಯುಳ್ಳವನು ಎಂದು ಅದರ ಅರ್ಥ. ವೈಯಾಕರಣರು ಈ ರೂಪವನ್ನು ಹೇಗೆ ಸಾಧಿಸುವರೋ ಅವರಿಗೇ ಬಿಡೋಣ. ಅಂತೇವಾಸಿಯೆಂದರೆ ಬಳಿಯಲ್ಲಿರುವವನು, ಉಮೇದುವಾರನೆಂದರೆ ಆಸೆಯುಳ್ಳವನು, ಶಿಶಿಕ್ಷುವೆಂದರೆ ಕಲಿಯಬಯಸುವವನು. ಮೂರು ಹೆಸರುಗಳೂ ಇವನ ಸ್ಥಿತಿಯನ್ನು ಹೇಳುತ್ತವೆಯೇ ಹೊರತು ಎದುರಿನವನ ಹೊಣೆಯನ್ನು ಸೂಚಿಸುವುದಿಲ್ಲ. ಆ ಹೊಣೆಯನ್ನು ಶಾಸನದ ಒಡಲಿನಲ್ಲಿಯೇ ಹುಡುಕಬೇಕು.

ಶಾಸನವು ಅದನ್ನು ಸಾಕಷ್ಟು ಬಿಡಿಸಿ ಹೇಳಿತು. ಕರಾರು ಬರವಣಿಗೆಯಲ್ಲಿದ್ದು ನೋಂದಣಿಯಾಗಬೇಕು. ಆಯಾ ಕಸುಬಿನಲ್ಲಿ ಶಿಕ್ಷಣವನ್ನು ಕೊಡುವುದು ಮಾಲೀಕನ ಕರ್ತವ್ಯವೆಂದು ಹನ್ನೊಂದನೆಯ ಸೆಕ್ಷನ್ನು. ಶ್ರದ್ಧೆಯಿಂದ ಕಲಿಯುವುದು ಶಿಶಿಕ್ಷುವಿನ ಕರ್ತವ್ಯವೆಂದು ಹನ್ನೆರಡನೆಯದು. ಮಾಲೀಕನ ತಪ್ಪಿನಿಂದ ಕರಾರು ಮುರಿದರೆ ಅವನು ಪರಿಹಾರವನ್ನು ತೆರಬೇಕು. ೧೯೯೨ರ ನಿಯಮಗಳು ಅದನ್ನು ಮೂರು ತಿಂಗಳ ವಿದ್ಯಾರ್ಥಿವೇತನದಷ್ಟೆಂದು ಗೊತ್ತುಮಾಡಿದುವು. ಇಬ್ಬರಿಗೂ ವಿವಾದವು ಬಂದರೆ ಶಿಶಿಕ್ಷುತ್ವ ಸಲಹೆಗಾರರೆಂಬ ಅಧಿಕಾರಿಯ ಮುಂದೆ ಅದನ್ನು ಒಯ್ಯಬೇಕು; ಅವರ ತೀರ್ಪಿನ ಮೇಲೆ ಮೂವತ್ತು ದಿನಗಳೊಳಗೆ ಅಪೀಲಿಗೆ ಅವಕಾಶವಿದೆ. ನಮ್ಮ ವಿಷಯಕ್ಕೆ ಇವೆಲ್ಲಕ್ಕಿಂತ ಮುಖ್ಯವಾದುದು ಮೂವತ್ತನೆಯ ಸೆಕ್ಷನ್ನಿನ ಒಂದು ಉಪವಾಕ್ಯ. ಶಿಕ್ಷಣಕ್ಕೆ ಸಂಬಂಧವಿಲ್ಲದ ಕೆಲಸದಲ್ಲಿ ಶಿಶಿಕ್ಷುವನ್ನು ತೊಡಗಿಸುವುದನ್ನು ಅದು ದಂಡನೀಯವೆಂದು ಎಣಿಸಿತು. ಕಾತ್ಯಾಯನನ ವಚನವನ್ನು ಕರಡು ಬರೆದವರು ನೋಡಿದ್ದರೆಂದು ನಾವು ಹೇಳುವುದಿಲ್ಲ. ಆದರೆ ಬೇರೆ ಕೆಲಸವೆಂಬುದು ಹೀಗೆ ಮತ್ತೆ ಒಂದು ಪ್ರತ್ಯೇಕವಾದ ತಪ್ಪಾಗಿ ಗ್ರಂಥವನ್ನು ಸೇರಿತು. ಮೂಲದಲ್ಲಿ ಇದಕ್ಕೆ ಸೆರೆವಾಸವೂ ಇದ್ದಿತು. ೨೦೧೪ರ ತಿದ್ದುಪಡಿಯು ಸೆರೆವಾಸವನ್ನು ತೆಗೆದು ಜುಲ್ಮಾನೆಯನ್ನು ಮಾತ್ರ ಉಳಿಸಿತು.

ಆದರೆ ಇದೇ ಶಾಸನದ ಹದಿನೆಂಟನೆಯ ಸೆಕ್ಷನ್ನು ಇನ್ನೊಂದು ಮಾತನ್ನು ಹೇಳುತ್ತದೆ: ಶಿಶಿಕ್ಷುವು ಕಲಿಯುವವನು, ಕಾರ್ಮಿಕನಲ್ಲ, ಕಾರ್ಮಿಕರ ಕಾಯಿದೆಗಳು ಅವನಿಗೆ ಅನ್ವಯಿಸುವುದಿಲ್ಲ. ೧೯೪೭ರ ಕೈಗಾರಿಕಾ ವಿವಾದಗಳ ಶಾಸನವು ಕೆಲಸಗಾರನ ಲಕ್ಷಣದಲ್ಲಿ ಅಪ್ರೆಂಟಿಸನನ್ನೂ ಸೇರಿಸಿಕೊಂಡಿತ್ತು. ೨೦೨೫ನೆಯ ನವೆಂಬರ್ ೨೧ರಿಂದ ಅದರ ಸ್ಥಾನಕ್ಕೆ ಬಂದ ೨೦೨೦ರ ಕೈಗಾರಿಕಾ ಸಂಬಂಧಗಳ ಸಂಹಿತೆಯು, ೧೯೬೧ರ ಶಾಸನಕ್ಕೆ ಒಳಪಟ್ಟ ಶಿಶಿಕ್ಷುವನ್ನು ಲಕ್ಷಣದಿಂದ ಹೊರಗಿಟ್ಟಿದೆ. ಈ ಗೆರೆಯು ಕೇವಲ ಪಂಡಿತರ ಚರ್ಚೆಗೆ ಸೇರಿದುದಲ್ಲ. ೨೦೨೫ರ ಫೆಬ್ರವರಿಯಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಆಂತರಿಕ ಪರೀಕ್ಷೆಗಳಲ್ಲಿ ತೇರ್ಗಡೆಯಾಗಲಿಲ್ಲವೆಂದು ಮುನ್ನೂರಕ್ಕೂ ಹೆಚ್ಚು ಮಂದಿ ತರಬೇತಿಯವರನ್ನು ಬಿಡಿಸಿದಾಗ, ಉದ್ಯೋಗಿಗಳ ಒಂದು ಸಂಘವು ಕೇಂದ್ರದ ಕಾರ್ಮಿಕ ಸಚಿವಾಲಯಕ್ಕೆ ದೂರಿತ್ತಿತು. ರಾಜ್ಯದ ಕಾರ್ಮಿಕ ಇಲಾಖೆಯು ವಿಚಾರಣೆ ನಡೆಸಿ, ಅವರು ತರಬೇತಿಯವರಾದುದರಿಂದ ಕಾರ್ಮಿಕ ಕಾಯಿದೆಗಳ ಉಲ್ಲಂಘನೆಯಾಗಿಲ್ಲವೆಂಬ ನಿರ್ಣಯಕ್ಕೆ ಬಂದಿತು. ಅಲ್ಲಿ ವಿವಾದವಿದ್ದುದು ಪರೀಕ್ಷೆಯ ವಿಷಯದಲ್ಲಿ, ಕೆಲಸದ ಬದಲಾವಣೆಯ ವಿಷಯದಲ್ಲಲ್ಲ. ಆದರೂ ಇವರು ಯಾರು ಎಂಬ ಪ್ರಶ್ನೆಗೆ ಸಿಕ್ಕ ಉತ್ತರವೇ ಮಿಕ್ಕ ಪ್ರಶ್ನೆಗಳನ್ನು ತೀರ್ಮಾನಿಸಿತೆಂಬುದನ್ನು ಗಮನಿಸಬೇಕು.

ಇನ್ನು ಕಾಲೇಜಿನಿಂದ ಹೋಗುವ ಇಂಟರ್ನನು ಎಲ್ಲಿ ನಿಲ್ಲುತ್ತಾನೆ? ನೋಂದಣಿಯಾದ ಶಿಶಿಕ್ಷುತ್ವದ ಕರಾರು ಅವನಿಗೆ ಇದ್ದರೆ ಮೇಲಿನ ಶಾಸನವೇ ಅವನ ಆಶ್ರಯ. ಸಾಮಾನ್ಯವಾಗಿ ಇರುವುದಿಲ್ಲ. ಹಾಗಾದರೆ ಅವನಿಗೆ ಎರಡು ದಾರಿಗಳು ಉಳಿಯುತ್ತವೆ. ಕಲಿಕೆಯೆಂದು ಹೇಳಿ ಮಾಡಿಸಿದುದು ನಿಜವಾಗಿ ಕೂಲಿಯವನ ದುಡಿಮೆಯೇ ಆಗಿದ್ದರೆ, ತಾನು ಕಾರ್ಮಿಕನೇ ಎಂದು ವಾದಿಸಿ ಸಂಬಳವನ್ನು ಕೇಳುವುದೊಂದು. ಹುದ್ದೆಯ ಹೆಸರನ್ನು ನೋಡದೆ ಮಾಡಿದ ಕೆಲಸದ ಸ್ವರೂಪವನ್ನು ನೋಡಬೇಕೆಂಬುದು ಈ ವಿಷಯದಲ್ಲಿ ನ್ಯಾಯಸ್ಥಾನಗಳು ಬಹುಕಾಲದಿಂದ ಹಿಡಿದುಬಂದ ಮಾರ್ಗ. ಎರಡನೆಯದು ೧೮೭೨ರ ಕರಾರು ಶಾಸನ. ಮಾಡಿಸುವ ಉದ್ದೇಶವೇ ಇಲ್ಲದೆ ಒಂದು ಕೆಲಸದ ಆಸೆಯನ್ನು ತೋರಿಸಿ ಒಪ್ಪಿಸಿದರೆ ಅದು ಹದಿನೇಳನೆಯ ಸೆಕ್ಷನ್ನಿನ ವಂಚನೆ. ತಿಳಿಯದೆ ಸುಳ್ಳು ಹೇಳಿದ್ದರೆ ಹದಿನೆಂಟನೆಯ ಸೆಕ್ಷನ್ನಿನ ತಪ್ಪು ನಿರೂಪಣೆ. ಎರಡರಲ್ಲಿಯೂ ಮೋಸಹೋದವನು ಕರಾರನ್ನು ತಳ್ಳಿಹಾಕಬಹುದು. ಕಟ್ಟಿದ ಶುಲ್ಕವನ್ನು ಹಿಂದಕ್ಕೆ ಕೇಳಬಹುದು. ಆದರೆ ನಿಜವು ತಿಳಿದ ಮೇಲೆಯೂ ಸುಮ್ಮನೆ ಮುಂದುವರಿದವನಿಗೆ ಈ ಹಕ್ಕು ಸಡಿಲವಾಗುವುದು. ಕರಾರು ಊರ್ಜಿತವಾಗಿದ್ದು ಭಂಗವಾಗಿದ್ದರೆ ೭೩ನೆಯ ಸೆಕ್ಷನ್ನಿನಂತೆ ನಷ್ಟಪರಿಹಾರ. ದಾವೆಗೆ ಮೂರು ವರ್ಷಗಳ ಅವಧಿ. ಹೇಳಿದ ಕೆಲಸವನ್ನೇ ಕಲಿಸಿರೆಂದು ಮಾತ್ರ ಯಾವ ನ್ಯಾಯಸ್ಥಾನವೂ ಆಜ್ಞಾಪಿಸುವುದು ಕಷ್ಟ. ವ್ಯಕ್ತಿಯ ಸ್ವಂತ ಯೋಗ್ಯತೆಯನ್ನು ಅವಲಂಬಿಸಿದ ಕರಾರನ್ನು ಬಲಾತ್ಕಾರದಿಂದ ನಡೆಸುವುದಿಲ್ಲವೆಂಬುದು ೧೮೭೭ರ ನಿರ್ದಿಷ್ಟ ಪರಿಹಾರ ಶಾಸನದಿಂದ ೧೯೬೩ರ ಶಾಸನದವರೆಗೂ ನಡೆದುಬಂದ ತತ್ತ್ವ.

ನಷ್ಟವೆಷ್ಟೆಂದು ಲೆಕ್ಕಹಾಕುವುದಾದರೂ ಹೇಗೆ? ಸಂಬಳವಿಲ್ಲದವನಿಗೆ ಸಂಬಳದ ನಷ್ಟವಿಲ್ಲ. ಕಳೆದ ಆರು ತಿಂಗಳುಗಳಿಗೂ, ಕಲಿಯದೆ ಉಳಿದ ವಿದ್ಯೆಗೂ ಬೆಲೆ ಕಟ್ಟುವ ತಕ್ಕಡಿಯು ಮುನ್ಸೀಫನ ಮೇಜಿನ ಮೇಲೆ ಇಲ್ಲ. ೧೮೫೦ರ ಆಕ್ಟಿನಲ್ಲಿಯೂ ೧೯೯೨ರ ನಿಯಮಗಳಲ್ಲಿಯೂ ಪರಿಹಾರಕ್ಕೆ ಒಂದು ಅಳತೆಯನ್ನು ಮೊದಲೇ ಇಟ್ಟಿದ್ದರ ಪ್ರಯೋಜನವು ಇಲ್ಲಿ ತಿಳಿಯುತ್ತದೆ. ಹೀಗಿರುವುದರಿಂದ ವಾದವೆಲ್ಲ ಕೊನೆಗೆ ಒಂದು ಕಾಗದದ ಮೇಲೆ ಬಂದು ನಿಲ್ಲುವುದು: ಕರೆದಾಗ ಕಳುಹಿಸಿದ ಪತ್ರದಲ್ಲಿ ಕೆಲಸದ ವಿವರವಿತ್ತೇ? ಅದಿದ್ದರೆ ಬೇರೆ ಕೆಲಸವೆಂಬ ಮಾತಿಗೆ ಅರ್ಥವಿದೆ. ಇಲ್ಲದಿದ್ದರೆ ಇಂಟರ್ನನು ಎಡತೊರೆಯ ಕಚೇರಿಯ ಉಮೇದುವಾರನೇ.

ನಾರದನು ಅಂತೇವಾಸಿಯ ಕರಾರಿನಲ್ಲಿ ಬಂಧುಗಳ ಒಪ್ಪಿಗೆಯನ್ನು ಕೇಳಿದನು. ೧೮೫೦ರ ಆಕ್ಟು ಪೋಷಕನ ಸಹಿಯನ್ನು ಕೇಳಿತು. ಇಂದು ಆ ಮೂರನೆಯ ಸ್ಥಾನದಲ್ಲಿ ಇರುವವರು ಕಾಲೇಜಿನವರು. ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಲಿಯು ೨೦೧೮ರಲ್ಲಿಯೂ, ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೨೪ರಲ್ಲಿಯೂ ಈ ವಿಷಯದಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದ ಮೇಲೆ ವಿದ್ಯಾರ್ಥಿಯು ಸ್ವಂತ ಇಚ್ಛೆಯಿಂದ ಮಾತ್ರವಲ್ಲ, ಪದವಿಯ ಅಂಕಗಳಿಗಾಗಿಯೂ ಹೋಗುತ್ತಾನೆ. ಬಿಟ್ಟುಬರುವ ಹಕ್ಕನ್ನು ಕಾತ್ಯಾಯನನು ಕೊಟ್ಟಿದ್ದರೂ, ಬಿಟ್ಟುಬಂದವನಿಗೆ ಅಂಕಗಳಿಲ್ಲ. ಅವನು ಮುಗಿಸಿ ತರುವ ಪ್ರಮಾಣಪತ್ರದಲ್ಲಿ ಮಾಡಿದ ಕೆಲಸದ ವಿವರಕ್ಕೆ ಎರಡು ಸಾಲುಗಳ ಸ್ಥಳವಿರುತ್ತದೆ. ಸಂಸ್ಥೆಯವರು ಅದನ್ನು ತುಂಬುತ್ತಾರೆ, ಅದರ ಕೆಳಗೆ ಮಾರ್ಗದರ್ಶಕ ಅಧ್ಯಾಪಕರು ಸಹಿಮಾಡುತ್ತಾರೆ. ಮೊದಲು ಬಂದ ಕರೆಯ ಪತ್ರವನ್ನೂ ಕೊನೆಗೆ ಬಂದ ಈ ಎರಡು ಸಾಲುಗಳನ್ನೂ ಸಹಿಯ ಮುನ್ನ ಪಕ್ಕಪಕ್ಕದಲ್ಲಿಟ್ಟು ಓದುವ ರೂಢಿಯು ನಮ್ಮ ಕಾಲೇಜುಗಳಲ್ಲಿ ಇನ್ನೂ ಬಂದಿಲ್ಲ.